ಮಗಳ ಕೈಯಲ್ಲಿ ಬರೆಸಿದ ಅರ್ಜಿ

ಗಂಡ ಮಲೇಷ್ಯಾದ ದಕ್ಷಿಣ ತುದಿಯ ಜೊಹೋರ್‌ಗೆ ಹೋಗಿ ಹನ್ನೊಂದು ತಿಂಗಳಾದ ಮೇಲೆ ನಾನು ಮೊದಲ ಸಲ ಕಲ್ಯಾಣ ಇಲಾಖೆಯ ಕಚೇರಿಗೆ ಹೋದೆ. ಮಗಳಿಗೆ ಆಗ ಎಂಟು ವರ್ಷ. ಅವತ್ತು ಅವಳನ್ನು ಶಾಲೆಗೆ ಕಳಿಸದೆ ಜೊತೆಗೆ ಕರೆದುಕೊಂಡು ಹೋದೆ. ಅರ್ಜಿ ಮಲಯ ಭಾಷೆಯಲ್ಲಿ ಇರುತ್ತದೆ ಎಂದು ಪಕ್ಕದ ಮನೆಯ ಅಕ್ಕ ಹೇಳಿದ್ದರು. ನನಗೆ ಬರುತ್ತಿದ್ದ ಮಲಯ ತರಕಾರಿ ಅಂಗಡಿಗೆ ಸಾಕಾಗುವಷ್ಟು ಮಾತ್ರ. ಮಗಳು ಅದೇ ಭಾಷೆಯಲ್ಲಿ ಶಾಲೆಯಲ್ಲಿ ಲೆಕ್ಕ, ವಿಜ್ಞಾನ ಎಲ್ಲ ಓದುತ್ತಿದ್ದಳು.

ನಾಲ್ಕು ಹಾಳೆಯ ಅರ್ಜಿ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಶಾಲೆಯ ಚೀಲವನ್ನು ತೊಡೆಯ ಮೇಲೆ ಹಲಗೆಯ ಹಾಗೆ ಇಟ್ಟುಕೊಂಡು ಅವಳು ಬರೆಯತೊಡಗಿದಳು.

"ಅಮ್ಮಾ, ನೇಮ್ ಬರ್ದೆ. ಅಡ್ರೆಸ್ ಬರ್ದೆ. ಹಸ್ಬೆಂಡ್ ಎಲ್ಲಿದ್ದಾರೆ ಅಂತ ಕೇಳ್ತಿದೆ."

"ಜೊಹೋರ್ ಅಂತ ಬರಿ."

"ಜೊಹೋರ್‌ನಲ್ಲಿ ವೇರ್?"

"ಗೊತ್ತಿಲ್ಲ ಅಂತ ಬರಿ."

ಅವಳು ಬರೆದಳು. ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಆಮೇಲೆ ಮೂರನೆಯ ಹಾಳೆಗೆ ಬಂದಾಗ ಪೆನ್ನು ನಿಂತಿತು.

"ಇಲ್ಲಿ ಸಹಾಯ ಯಾಕೆ ಬೇಕು ಅಂತಿದೆ. ಟೂ ಲೈನ್ಸ್ ಓನ್ಲಿ. ಏನು ಬರೀಲಿ?"

ಎಂಟು ವರ್ಷದ ಹುಡುಗಿಯ ಕಿವಿಗೆ ಬೀಳುವಂತೆ ಅದನ್ನು ಹೇಗೆ ಹೇಳುವುದು? ಅವಳು ತಾನೇ ಏನೋ ಬರೆದು ಮುಂದಿನ ಹಾಳೆ ತಿರುವಿದಳು.

ಕಿಟಕಿಯ ಹಿಂದಿದ್ದ ಮಹಿಳಾ ಅಧಿಕಾರಿ ನನಗಿಂತ ಸ್ವಲ್ಪ ದೊಡ್ಡವರಿರಬೇಕು, ತಲೆಗೆ ಬೂದು ಬಣ್ಣದ ವಸ್ತ್ರ ಸುತ್ತಿದ್ದರು. ಅರ್ಜಿ ಓದುತ್ತಾ ಓದುತ್ತಾ ಆ ಎರಡು ಸಾಲಿನ ಹತ್ತಿರ ನಿಂತರು. "ಇದನ್ನ ಬರೆದದ್ದು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಮಗಳನ್ನು ತೋರಿಸಿದೆ. ಅವರು ಅದನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದರು. 'ನನ್ನ ಅಮ್ಮ ದಿನಾ ಕೆಲಸ ಮಾಡುತ್ತಾರೆ. ಆದರೂ ಸಾಲುವುದಿಲ್ಲ.'

ಅರ್ಜಿ ಇದ್ದದ್ದು ನನ್ನ ಹೆಸರಿನಲ್ಲಿ. ಅಲ್ಲಿ 'ನಾನು' ಎಂದಿರಬೇಕಿತ್ತು. ಅಧಿಕಾರಿ ಅದನ್ನು ತಿದ್ದಿಸಲಿಲ್ಲ, ಹಾಗೆಯೇ ಮೊಹರು ಒತ್ತಿದರು. ಗಂಡ ಬಿಟ್ಟುಹೋದದ್ದಕ್ಕೆ ಪೊಲೀಸ್ ಠಾಣೆಯಲ್ಲಿ ಒಂದು ದೂರು ಬರೆಸಿ ಅದರ ಪ್ರತಿ ತರಬೇಕು ಎಂದರು. ಠಾಣೆಗೆ ಮಗಳನ್ನು ಕರೆದೊಯ್ಯಲು ಮನಸ್ಸಾಗಲಿಲ್ಲ. ಪಕ್ಕದ ಮನೆಯ ಅಕ್ಕನನ್ನು ಕರೆದುಕೊಂಡು ಹೋದೆ.

ನನ್ನ ತವರು ದಾವಣಗೆರೆ. ಅಪ್ಪ ಹತ್ತಿ ಗಿರಣಿಯಲ್ಲಿದ್ದವರು, ಗಿರಣಿ ಮುಚ್ಚಿದ ಮೇಲೆ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸಕ್ಕೆ ನಿಂತರು. ನಾನು ಬಿಎಸ್ಸಿ ಎರಡನೆಯ ವರ್ಷದಲ್ಲಿದ್ದಾಗ ಮಲೇಷ್ಯಾದ ಸಂಬಂಧ ಬಂತು. ಹುಡುಗನ ಮುತ್ತಜ್ಜ ಕೋಲಾರದ ಕಡೆಯಿಂದ ರಬ್ಬರ್ ತೋಟಕ್ಕೆ ಹೋಗಿ ಅಲ್ಲೇ ನಿಂತವರು. ಮನೆಯಲ್ಲಿ ಮುರುಕು ಕನ್ನಡ, ಹೊರಗೆಲ್ಲ ತಮಿಳು. "ಡಿಗ್ರಿ ಅಲ್ಲೇ ಮುಗಿಸ್ಕೊಳ್ಳಲಿ ಬಿಡ್ರೀ, ಅಲ್ಲೇನ್ ಕಾಲೇಜ್ ಇಲ್ವಾ?" ಎಂದು ಮಧ್ಯಸ್ಥಿಕೆ ಮಾಡಿದವರು ಅಪ್ಪನಿಗೆ ಹೇಳಿದ್ದರು. ಕಾಲೇಜುಗಳು ಬೇಕಾದಷ್ಟಿದ್ದವು. ಬಸ್ಸಿನ ಕಿಟಕಿಯಿಂದ ಅವುಗಳ ಬೋರ್ಡು ನೋಡುತ್ತಾ ಒಂಬತ್ತು ವರ್ಷ ಕಳೆದವು.

ಗಂಡ ಸರಕು ಸಾಗಿಸುವ ಕಂಪನಿಯಲ್ಲಿದ್ದರು. ನಮ್ಮ ನಡುವೆ ದೊಡ್ಡ ಜಗಳವೇನೂ ಆಗಲಿಲ್ಲ. ಜೊಹೋರ್‌ಗೆ ವರ್ಗ ಆಯಿತು ಎಂದು ಹೋದವರು ಮೊದಮೊದಲು ವಾರಕ್ಕೊಮ್ಮೆ ಬಂದರು, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಫೋನು ಮಾತ್ರ. ಒಂದು ದಿನ ಆ ನಂಬರೂ ಇಲ್ಲವಾಯಿತು. ಅಲ್ಲಿ ಇನ್ನೊಂದು ಸಂಸಾರ ಇದೆ ಎಂದು ಅವರ ಗೆಳೆಯರೊಬ್ಬರು ಹೇಳಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ನನಗೆ ಕಾಯಂ ನಿವಾಸಿಗಳಿಗೆ ಕೊಡುವ ಕೆಂಪು ಕಾರ್ಡು ಸಿಕ್ಕಿತ್ತು. ಇಲ್ಲದಿದ್ದರೆ ಗಂಡನ ಸಹಿ ಇಲ್ಲದೆ ನಾನು ಈ ದೇಶದಲ್ಲಿ ಇರುವುದೇ ಕಷ್ಟವಾಗುತ್ತಿತ್ತು. ಮಗಳು ಇಲ್ಲಿಯ ಪ್ರಜೆ. ಸಹಾಯ ಮಂಜೂರಾದದ್ದೂ ಅವಳ ಹೆಸರಿಗೇ.

ನಾವಿರುವ ಪುಚೊಂಗ್‌ನ ಒಂದು ಬಾಳೆಲೆ ಊಟದ ಹೋಟೆಲಿನಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಬೆಳಿಗ್ಗೆ ಆರಕ್ಕೆ ನಿಂತರೆ ಮಧ್ಯಾಹ್ನ ಮೂರಕ್ಕೆ ಕೂರುವುದು. ದಾವಣಗೆರೆಗೆ ಫೋನು ಮಾಡಿದಾಗ ಅವ್ವನಿಗೆ, "ಒಂದು ಸ್ಕೂಲ್‌ನಾಗೆ ಕೆಲ್ಸ ಸಿಕ್ಕೈತಿ" ಎಂದು ಹೇಳಿಬಿಟ್ಟಿದ್ದೆ. ಅವ್ವ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಅರ್ಜಿ ಕೊಟ್ಟ ಮೂರು ವಾರಕ್ಕೆ ಆ ಅಧಿಕಾರಿ ಮನೆ ನೋಡಲು ಬರುತ್ತೇವೆಂದು ಫೋನು ಮಾಡಿದರು. ಸುದ್ದಿ ಕೇಳಿ ಪಕ್ಕದ ಮನೆಯ ಅಕ್ಕ ಓಡಿಬಂದರು. ಅವರು ತಮಿಳಿನವರು, ವಿಧವೆ, ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು. ಅವರ ತಮಿಳಿಗೆ ನನ್ನ ಕನ್ನಡ, ನನ್ನ ಕನ್ನಡಕ್ಕೆ ಅವರ ತಮಿಳು. ಹೀಗೆ ನಮ್ಮ ಮಾತುಕತೆ ಸುಲಭವಾಗಿ ನಡೆಯುತ್ತಿತ್ತು.

"ಕಣ್ಣಮ್ಮಾ, ಟಿವಿ, ಮಿಕ್ಸಿ ಎಲ್ಲ ನಮ್ಮನೇಗೆ ತಂದಿಡು. ಇದೆಲ್ಲ ನೋಡಿದ್ರೆ ದುಡ್ಡಿದೆ ಅಂತ ಬರ್ಕೊಂಡು ಹೋಗ್ತಾರೆ" ಎಂದರು.

ಇಬ್ಬರೂ ಸೇರಿ ಟಿವಿ ಹೊತ್ತೆವು. ಮಿಕ್ಸಿ ಹೊತ್ತೆವು. ಮದುವೆಯಲ್ಲಿ ಬಂದಿದ್ದ ಗೋಡೆ ಗಡಿಯಾರವನ್ನೂ ಇಳಿಸಿದೆವು. ನಮ್ಮ ಮನೆಯನ್ನು ನಾವೇ ಕಳ್ಳರ ಹಾಗೆ ಬರಿದು ಮಾಡುತ್ತಿದ್ದರೆ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅಧಿಕಾರಿ ಬಂದರು. ಅಡುಗೆಮನೆ ನೋಡಿದರು, ಅಕ್ಕಿಯ ಡಬ್ಬ ತೆರೆದು ನೋಡಿದರು. ಹಾಲ್‌ನಲ್ಲಿ ನಿಂತಾಗ ಅವರ ಕಣ್ಣು ಮೇಜಿನ ಮೇಲೆ ಹೋಯಿತು. ಟಿವಿ ಇದ್ದ ಜಾಗ ಬಿಟ್ಟು ಸುತ್ತ ಧೂಳಿತ್ತು.

"ಟಿವಿ ಎಲ್ಲಿ?"

ನನಗೆ ಸುಳ್ಳು ಹೇಳಲೂ ಶಕ್ತಿ ಇರಲಿಲ್ಲ. "ಪಕ್ಕದ ಮನೇಲಿದೆ" ಎಂದೆ.

ಅವರು ನಗಲಿಲ್ಲ, ಬೈಯಲೂ ಇಲ್ಲ. "ವಾಪಸ್ ತಂದಿಡಿ. ನೀವು ಕೆಲಸಕ್ಕೆ ಹೋದಾಗ ಮಗು ಏನು ನೋಡಬೇಕು?" ಎಂದರು. ಕಾಗದ ತುಂಬುತ್ತಾ ಎಷ್ಟು ಓದಿದ್ದೀರಿ ಎಂದು ಕೇಳಿದರು. ಬಿಎಸ್ಸಿ ಎರಡು ವರ್ಷ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಎಂದೆ. ಅವರು ಪೆನ್ನು ಕೆಳಗಿಟ್ಟು, "ಮತ್ತೆ ತರಕಾರಿ ಯಾಕೆ ಹೆಚ್ಚುತ್ತಿದ್ದೀರಿ?" ಎಂದರು.

ನನಗೆ ಸಿಟ್ಟು ಬಂತು. ಬೇರೆ ಕೆಲಸಗಳೆಲ್ಲ ಸಾಲಾಗಿ ನಿಂತಿದ್ದು ನಾನೇ ಇದನ್ನು ಆರಿಸಿಕೊಂಡೆನೇ? ಅವರಿಗೆ ಚಹಾ ಕೂಡ ಕೊಡಲಿಲ್ಲ. ಹೋಗುವಾಗ ಅವರು ಒಂದು ಕರಪತ್ರದ ಹಿಂದೆ ಸುಬಾಂಗ್ ಜಯಾದ ಒಂದು ಕಾಲೇಜಿನ ವಿಳಾಸ ಬರೆದುಕೊಟ್ಟರು. ಶಿಶುವಿಹಾರದಲ್ಲಿ ಪಾಠ ಮಾಡಲು ಈಗ ಡಿಪ್ಲೊಮಾ ಬೇಕು, ಶನಿವಾರ ಭಾನುವಾರ ಮಾತ್ರ ತರಗತಿ, ಮಕ್ಕಳನ್ನು ಒಬ್ಬರೇ ಸಾಕುವ ತಾಯಂದಿರಿಗೆ ಸರ್ಕಾರದ ಯೋಜನೆಯಿಂದ ಶುಲ್ಕದ ಹಣ ಸಿಗುತ್ತದೆ ಎಂದರು. ಅಂಥ ತಾಯಂದಿರಿಗೆ ಮಲಯದಲ್ಲಿ 'ಇಬು ತುಂಗಲ್' ಎನ್ನುತ್ತಾರೆ. ಆ ಮಾತನ್ನು ನಾನು ಅವತ್ತೇ ಮೊದಲು ಕೇಳಿದ್ದು. ತುಂಗಲ್ ಎಂದರೆ ಒಂಟಿ. ನನಗೆ ಮಾತ್ರ ಹರಿಹರದ ಸೇತುವೆ, ಕೆಳಗೆ ಹರಿಯುವ ತುಂಗಭದ್ರೆ ಕಣ್ಣ ಮುಂದೆ ಬಂತು.

ಕರಪತ್ರ ಫ್ರಿಜ್ಜಿನ ಮೇಲೆ ನಾಲ್ಕು ತಿಂಗಳು ಬಿದ್ದಿತ್ತು. ಓದಬೇಕು ಎಂಬ ಆಸೆ ನನ್ನೊಳಗೆ ಎಲ್ಲೋ ಉಳಿದಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ಆಗ ನನಗೆ ನಿದ್ದೆಯ ಹೊರತು ಬೇರೆ ಆಸೆಯೇ ಇರಲಿಲ್ಲ. ನನ್ನನ್ನು ಕಾಲೇಜಿಗೆ ಕಳಿಸಿದ್ದು ನನ್ನ ಮಣಿಕಟ್ಟು. ಹೆಚ್ಚಿ ಹೆಚ್ಚಿ ಬಲಗೈ ಬಾತುಕೊಂಡು ಚಾಕು ಹಿಡಿಯಲು ಆಗದೆ ಹೋಯಿತು. ಸರ್ಕಾರಿ ಕ್ಲಿನಿಕ್ಕಿನ ಡಾಕ್ಟರು ಆರು ವಾರ ಚಾಕು ಮುಟ್ಟಬೇಡಿ ಎಂದರು. ಹೋಟೆಲಿನವರು ಅಷ್ಟು ದಿನ ಕಾಯಲಿಲ್ಲ, ಬೇರೆಯವರನ್ನು ಇಟ್ಟುಕೊಂಡರು.

ಆ ವಾರಗಳಲ್ಲಿ ಮನೆಯಲ್ಲಿ ಒಲೆ ಉರಿದದ್ದು ಕಲ್ಯಾಣ ಇಲಾಖೆಯ ದುಡ್ಡಿನಿಂದ. ಅದು ತಿಂಗಳು ತಪ್ಪದೆ ಬಂತು. ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಮನೆ ಹತ್ತಿರದ ಶಿಶುವಿಹಾರವೊಂದರಲ್ಲಿ ಸಹಾಯಕಿಯ ಕೆಲಸ ಕೇಳಿದೆ. ಮಕ್ಕಳ ಮೂಗು ಒರೆಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದು. ಸಂಬಳ ಹೋಟೆಲಿಗಿಂತ ಕಡಿಮೆ, ಆದರೆ ಆಗಾಗ ಕೂರಬಹುದಿತ್ತು. ಡಿಪ್ಲೊಮಾ ಇದ್ದರೆ ಟೀಚರ್ ಆಗಬಹುದು ಎಂದು ಅಲ್ಲಿಯ ಮುಖ್ಯಸ್ಥೆಯೂ ಹೇಳಿದರು. ಆಗ ಮನೆಗೆ ಬಂದು ಫ್ರಿಜ್ಜಿನ ಮೇಲಿನ ಧೂಳು ಒರೆಸಿ ಕರಪತ್ರ ಕೈಗೆತ್ತಿಕೊಂಡೆ.

ಮೂರು ವರ್ಷ ನನಗೆ ವಾರದ ರಜೆ ಎಂಬುದು ಇರಲಿಲ್ಲ. ಶನಿವಾರ, ಭಾನುವಾರ ಬೆಳಿಗ್ಗೆ ಮಗಳನ್ನು ಪಕ್ಕದ ಮನೆಯ ಅಕ್ಕನ ಹತ್ತಿರ ಬಿಡುವುದು, ಪುಚೊಂಗ್‌ನಿಂದ ಎಲ್‌ಆರ್‌ಟಿ ರೈಲು ಹಿಡಿದು ಪುತ್ರ ಹೈಟ್ಸ್‌ನಲ್ಲಿ ಬದಲಿಸಿ ಸುಬಾಂಗ್ ಜಯಾಕ್ಕೆ ಹೋಗುವುದು. ರೈಲಿನ ತಂಪಿಗೆ ಕೂತ ತಕ್ಷಣ ಕಣ್ಣು ಮುಚ್ಚುತ್ತಿತ್ತು. ಎಷ್ಟೋ ಸಲ ಎಚ್ಚರವಾದಾಗ ರೈಲು ಪೆಟಾಲಿಂಗ್ ಜಯಾದಲ್ಲಿರುತ್ತಿತ್ತು. ಮತ್ತೆ ಹಿಂದಕ್ಕೆ ಬರಬೇಕು. ತಡವಾಗಿ ಒಳಗೆ ಹೋದರೆ ಹತ್ತೊಂಬತ್ತು ಇಪ್ಪತ್ತರ ಹುಡುಗಿಯರು ನನಗೆ ಜಾಗ ಬಿಟ್ಟು, "ಸಿಟ್ ಲಾ, ಆಂಟಿ" ಎನ್ನುತ್ತಿದ್ದರು. ಇಲ್ಲಿ ಯಾವ ಭಾಷೆಯ ಮಾತಿನ ಕೊನೆಗೂ ಒಂದು 'ಲಾ' ಅಂಟಿಕೊಳ್ಳುತ್ತದೆ. ಅವರಲ್ಲಿ ಯಾರಿಗೂ ಮಗು ಇರಲಿಲ್ಲ. ಮಕ್ಕಳ ಬೆಳವಣಿಗೆಯ ಬಗ್ಗೆ ಮೇಡಂ ಪಾಠ ಮಾಡುವಾಗ ಅವರೆಲ್ಲ ಬರೆದುಕೊಳ್ಳುತ್ತಿದ್ದರು. ಎಂಟು ವರ್ಷದ ಮಗುವಿನ ಮೇಲೆ ದೊಡ್ಡವರ ಭಾರ ಹೊರಿಸಬಾರದು ಎಂದು ಒಮ್ಮೆ ಮೇಡಂ ಹೇಳಿದಾಗ ನಾನು ಬರೆಯುವುದನ್ನು ನಿಲ್ಲಿಸಿ ನೀರು ಕುಡಿಯಲು ಹೊರಗೆ ಹೋದೆ.

ಪಾಠ ಇಂಗ್ಲಿಷಿನಲ್ಲೇ ಇತ್ತು. ಒಂದು ಪತ್ರಿಕೆ ಮಾತ್ರ ಮಲಯದ್ದು, ಕಡ್ಡಾಯ. ಅದರಲ್ಲಿ ಎರಡು ಸಲ ಫೇಲಾದೆ. ಮಗಳು ತನ್ನ ಎರಡನೆಯ ತರಗತಿಯ ಪುಸ್ತಕವನ್ನು ಹುಡುಕಿ ತಂದು, ಶಿಶುವಿಹಾರದಿಂದ ನಾನು ಬಂದ ಕೂಡಲೇ ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ನನಗಿಂತ ಕಟ್ಟುನಿಟ್ಟಿನ ಟೀಚರು ಅವಳು.

"ಅಮ್ಮಾ, ಹೀಗಲ್ಲ ಲಾ. ಹೌ ಮೆನಿ ಟೈಮ್ಸ್ ಹೇಳ್ಬೇಕು?"

"ಇನ್ನೊಂದ್ಸಲ ಹೇಳೇ. ತಲೆ ಓಡ್ತಿಲ್ಲ."

"ಫೈವ್ ಮಿನಿಟ್ಸ್ ಮಲ್ಕೊ. ಆಮೇಲೆ ಕಂಟಿನ್ಯೂ."

ಐದು ನಿಮಿಷ ಎಂದು ಮಲಗಿದವಳು ಒಂದು ಗಂಟೆ ಮಲಗುತ್ತಿದ್ದೆ. ಅವಳು ಎಬ್ಬಿಸುತ್ತಿರಲಿಲ್ಲ. ಮೂರನೆಯ ಸಲ ಪಾಸಾದೆ.

ಇಲ್ಲಿಯ ಕನ್ನಡದವರು ವರ್ಷಕ್ಕೆ ಎರಡು ಮೂರು ಸಲ ಸೇರುತ್ತಾರೆ. ಹೆಚ್ಚಿನವರು ಬೆಂಗಳೂರು, ಮೈಸೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದವರು, ಒಳ್ಳೆಯ ಜನ. ಒಂದು ಯುಗಾದಿಗೆ ಹೋಗಿದ್ದೆ. ಒಬ್ಬಟ್ಟು ಬಡಿಸುತ್ತಿದ್ದ ಒಬ್ಬರು, "ನಿಮ್ಮ ಹಸ್ಬೆಂಡ್ ಯಾವ ಕಂಪನಿ?" ಎಂದು ಕೇಳಿದರು. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು. ಮುಂದಿನ ವಾರ ಮೂರು ಚೀಲ ಹಳೆಯ ಬಟ್ಟೆ ಮನೆಗೆ ಕಳಿಸಿದರು. ಮಗಳಿಗೆ ಕೆಲವು ಚೆನ್ನಾಗಿಯೇ ಹಿಡಿಸಿದವು. ಆದರೂ ಆಮೇಲೆ ನಾನು ಅಲ್ಲಿಗೆ ಹೋಗಲಿಲ್ಲ. ಕಚೇರಿಯ ದುಡ್ಡು ತೆಗೆದುಕೊಳ್ಳುವಾಗ ಆಗದ ಸಂಕಟ ಆ ಬಟ್ಟೆ ಮಡಿಸುವಾಗ ಯಾಕೆ ಆಯಿತು ಎಂದು ಬಹಳ ದಿನ ಯೋಚಿಸಿದ್ದೇನೆ. ಕಚೇರಿಯವರು ಕಾಗದ ಕೇಳುತ್ತಿದ್ದರು, ಕಾಗದ ಸರಿಯಿದ್ದರೆ ಕೊಡುತ್ತಿದ್ದರು. ಅಲ್ಲಿ ಯಾರೂ ನನ್ನನ್ನು ನೋಡಿ ಅಳುತ್ತಿರಲಿಲ್ಲ.

ಮಗಳಿಗೆ ಹನ್ನೊಂದು ತುಂಬಿದ ವರ್ಷ ಒಂದು ಮಧ್ಯಾಹ್ನ ಅವಳು ಶಾಲೆಯಿಂದ ಬಂದು ಚೀಲ ಎಸೆದು ಕೋಣೆಯ ಬಾಗಿಲು ಹಾಕಿಕೊಂಡಳು. ಬಡ ಮಕ್ಕಳಿಗೆ ಶಾಲೆಯ ಮೂಲಕ ಸಮವಸ್ತ್ರ, ಬೂಟು, ಪುಸ್ತಕ ಕೊಡುತ್ತಿದ್ದರು. ಅವತ್ತು ಬೆಳಗಿನ ಸಭೆಯಲ್ಲಿ ಎಲ್ಲರ ಮುಂದೆ ಹೆಸರು ಓದಿ, ಬಂದು ಸಾಲಿನಲ್ಲಿ ನಿಲ್ಲಿ ಎಂದಿದ್ದರಂತೆ. ಇವಳು ಹೋಗಿರಲಿಲ್ಲ.

"ಐ ಡೋಂಟ್ ವಾಂಟ್, ಅಮ್ಮಾ. ಎಲ್ಲರೂ ನೋಡ್ತಾರೆ."

"ನಿನ್ನ ಬೂಟು ಹರಿದೈತಿ."

"ಹರಿದಿರ್ಲಿ. ಐ ವಿಲ್ ವೇರ್ ಲೈಕ್ ದಟ್."

ಸಮಾಧಾನ ಮಾಡಬೇಕಿತ್ತು. ಮಗುವಿನ ಎತ್ತರಕ್ಕೆ ಕೂತು ಮಾತಾಡಬೇಕು ಎಂದು ಹಿಂದಿನ ವಾರವಷ್ಟೇ ಪರೀಕ್ಷೆಯಲ್ಲಿ ಬರೆದಿದ್ದೆ. ನಾನು ನಿಂತೇ ಕೂಗಿದೆ. "ನಾನು ಎಷ್ಟು ಸಾಲಿನಲ್ಲಿ ನಿಂತೀನಿ ಗೊತ್ತೇನು? ನಿನಗೇನು ದೊಡ್ಡಸ್ತಿಕೆ?" ಎಂದೆ. ಮಾರನೆಯ ದಿನ ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಹೇಳಿ ಅವಳ ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋದೆ. ಕಚೇರಿಯ ಮುಂದೆ ಅವಳು ನಿಂತಳು. ಬೂಟು ಕೊಟ್ಟರು, ಸಹಿ ಹಾಕಿದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಬಿಚ್ಚದ ಬೂಟಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ತರಗತಿಯ ಕಡೆ ನಡೆದಳು.

ಆ ಬೂಟನ್ನು ವರ್ಷವಿಡೀ ಹಾಕಿದಳು. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಿಲ್ಲ. ಅವಳನ್ನು ಕರೆದೊಯ್ದದ್ದು ತಪ್ಪು ಎಂದು ಒಂದು ದಿನ ಅನ್ನಿಸುತ್ತದೆ, ಇನ್ನೊಂದು ದಿನ ಬೇರೆ ದಾರಿ ಏನಿತ್ತು ಅನ್ನಿಸುತ್ತದೆ.

ಅದರ ಮುಂದಿನ ವರ್ಷ ನನ್ನ ಡಿಪ್ಲೊಮಾ ಬಂತು. ಅದೇ ಶಿಶುವಿಹಾರದಲ್ಲಿ ಐದು ವರ್ಷದವರ ತರಗತಿ ಕೊಟ್ಟರು. ಅವ್ವನಿಗೆ ಫೋನು ಮಾಡಿ ಟೀಚರ್ ಆದೆ ಎಂದರೆ, "ಮೊದ್ಲೇ ಆಗಿದ್ಯಲ್ಲ?" ಎಂದಳು. ಹೌದವ್ವ, ಈಗ ಇನ್ನೂ ದೊಡ್ಡ ಟೀಚರ್ ಎಂದೆ. ವರ್ಷಕ್ಕೊಮ್ಮೆ ಸಹಾಯ ಮುಂದುವರಿಸಲು ಕೊಡಬೇಕಾದ ಕಾಗದವನ್ನು ಆ ವರ್ಷ ನಾನು ಕೊಡಲಿಲ್ಲ. ಕಚೇರಿಯಿಂದ ಫೋನು ಬಂದಾಗ ಇನ್ನು ಬೇಡ ಎಂದು ಹೇಳಿದೆ. ಫೋನು ಇಟ್ಟ ಮೇಲೆ ಖುಷಿಗಿಂತ ಹೆಚ್ಚು ಹೆದರಿಕೆಯಾಯಿತು. ಇನ್ನು ಮೇಲೆ ಕಾಯಿಲೆ ಬೀಳುವ ಹಾಗಿಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಎರಡು ವರ್ಷ ಕಳೆದ ಮೇಲೆ, ನಮ್ಮ ಮನೆ ನೋಡಲು ಬಂದಿದ್ದ ಅದೇ ಅಧಿಕಾರಿ ಫೋನು ಮಾಡಿದರು. ಒಂಟಿ ತಾಯಂದಿರಿಗೆ ಒಂದು ಸಭೆ ಇದೆ, ನೀವು ಬಂದು ಹತ್ತು ನಿಮಿಷ ಮಾತಾಡಬೇಕು ಎಂದರು.

"ನಾನೇನು ಮಾತಾಡ್ಲಿ, ಪುವಾನ್?" ಎಂದೆ. ಇಲ್ಲಿ ಮೇಡಂ ಎನ್ನುವ ಜಾಗದಲ್ಲಿ ಪುವಾನ್ ಎನ್ನುತ್ತೇವೆ.

"ಹೇಗೆ ಗೆದ್ದಿರಿ ಅಂತ ಹೇಳಿ."

ಬೇಡವೆನ್ನಲು ಆಗಲಿಲ್ಲ. ಸಭಾಂಗಣದಲ್ಲಿ ಸುಮಾರು ಎಂಬತ್ತು ಹೆಂಗಸರಿದ್ದರು. ಮಲಯದವರು, ತಮಿಳಿನವರು, ಚೀನೀಯರು, ಮಡಿಲಲ್ಲಿ ಮಗು ಇದ್ದವರು. ನನಗಿಂತ ಮೊದಲು ಮಾತಾಡಿದವರೊಬ್ಬರು ಮನಸ್ಸಿದ್ದರೆ ಏನು ಬೇಕಾದರೂ ಸಾಧಿಸಬಹುದು ಎಂದರು. ಚಪ್ಪಾಳೆ ಬಿತ್ತು. ನಾನು ಮಲಯದಲ್ಲಿ ಬರೆದುಕೊಂಡು ಹೋಗಿದ್ದೆ, ಮಗಳು ತಿದ್ದಿಕೊಟ್ಟಿದ್ದಳು. ವೇದಿಕೆ ಹತ್ತಿದ ಮೇಲೆ ಆ ಕಾಗದ ಓದಲು ಮನಸ್ಸಾಗಲಿಲ್ಲ.

ನಾನು ಹೇಳಿದ್ದು ಇಷ್ಟು. "ನನಗೆ ಮನಸ್ಸು ಇರಲಿಲ್ಲ. ಸುಸ್ತು ಇತ್ತು. ಕೈ ನೋವಾಗಿ ಕೆಲಸ ಹೋದಾಗ ಇಲಾಖೆಯ ಸಹಾಯ ತಪ್ಪದೆ ಬಂತು, ಅದರಿಂದ ಆರು ವಾರ ಯೋಚನೆ ಮಾಡಲು ಪುರುಸೊತ್ತು ಸಿಕ್ಕಿತು. ವಾರಕ್ಕೆ ಎರಡು ದಿನ ನನ್ನ ಮಗಳಿಗೆ ಪಕ್ಕದ ಮನೆಯವರು ಅನ್ನ ಹಾಕಿದರು. ಇವೆರಡೂ ಇಲ್ಲದಿದ್ದರೆ ನಾನು ಓದುತ್ತಿರಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇನ್ನೂ ಓದಲು ಆಗದಿದ್ದರೆ ಅದು ನಿಮ್ಮ ಮನಸ್ಸಿನ ತಪ್ಪು ಅಂದುಕೊಳ್ಳಬೇಡಿ."

ಹತ್ತು ನಿಮಿಷ ಕೊಟ್ಟಿದ್ದರು, ಎರಡು ನಿಮಿಷಕ್ಕೆ ಮುಗಿಯಿತು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ಜನರಿಗೆ ತಿಳಿಯಲಿಲ್ಲ. ಅಧಿಕಾರಿ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅವರಿಗೆ ಬೇಜಾರಾಯಿತೇನೋ ಎಂದು ನಾನು ಇಳಿದು ಬಂದು ಕ್ಷಮೆ ಕೇಳಿದೆ. ಅವರು ನನ್ನ ಮಣಿಕಟ್ಟು ಹಿಡಿದು ತಿರುಗಿಸಿ ನೋಡಿ, "ಈಗ ನೋವಿಲ್ಲವಾ?" ಎಂದರು. ಚಳಿಗೆ ಹಿಡಿಯುತ್ತದೆ ಎಂದೆ. "ಇಲ್ಲಿ ಚಳಿ ಎಲ್ಲಿದೆ?" ಎಂದು ನಕ್ಕರು. ತರಗತಿಯ ಏಸಿ ಎಂದೆ, ನನಗೂ ನಗು ಬಂತು.

ಊಟದ ಹೊತ್ತಿಗೆ ನಾಲ್ಕೈದು ಹೆಂಗಸರು ತಟ್ಟೆ ಹಿಡಿದು ನನ್ನ ಸುತ್ತ ಬಂದು ಕೂತರು. ಗೆಲುವಿನ ಬಗ್ಗೆ ಯಾರೂ ಕೇಳಲಿಲ್ಲ. ಯಾವ ಕಾಗದಕ್ಕೆ ಯಾವ ಕಿಟಕಿ, ತರಗತಿಗೆ ಮಗುವನ್ನು ಕರೆದುಕೊಂಡು ಹೋದರೆ ಬಿಡುತ್ತಾರಾ, ಮೂವತ್ತೈದು ದಾಟಿದರೆ ಸೇರಿಸಿಕೊಳ್ಳುತ್ತಾರಾ, ಇಂಥವನ್ನೇ ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಒಬ್ಬಳು ನನ್ನ ನಂಬರ್ ಬರೆದುಕೊಂಡಳು. ಈಗಲೂ ಆಗಾಗ ಫೋನು ಮಾಡುತ್ತಾಳೆ.

ಈಗ ಮಗಳಿಗೆ ಹದಿನೇಳು. ಪಕ್ಕದ ಮನೆಯ ಅಕ್ಕ ಹೋದ ವರ್ಷ ಸೆರೆಂಬಾನ್‌ನಲ್ಲಿರುವ ತಮ್ಮ ಮಗಳ ಮನೆಗೆ ಹೋಗಿಬಿಟ್ಟರು, ಆ ಮನೆಗೆ ಬೇರೆ ಯಾರೋ ಬಂದಿದ್ದಾರೆ. ಶಿಶುವಿಹಾರದ ಮುಖ್ಯಸ್ಥೆ ಡಿಗ್ರಿಯನ್ನೂ ಮಾಡಿ ಎಂದು ಹೇಳುತ್ತಲೇ ಇದ್ದಾರೆ. ವಾರಾಂತ್ಯದ ತರಗತಿಯೇ ಇದೆಯಂತೆ. ಮಗಳು ಕಾಲೇಜಿನ ವೆಬ್‌ಸೈಟು ತೆರೆದು ಫೋನನ್ನು ನನ್ನ ಮುಂದೆ ಹಿಡಿದಳು.

"ಅಪ್ಲೈ ಮಾಡಮ್ಮಾ. ಯು ಕ್ಯಾನ್ ಲಾ."

"ಮಾಡ್ಬಹುದು," ಎಂದೆ, "ಆದ್ರೆ ನಂಗೆ ಬೇಡ."

"ವೈ?"

"ಶನಿವಾರ ಮಲಗ್ಬೇಕು."

ಅವಳು ವಾದ ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. ಫೋನು ಬದಿಗಿಟ್ಟು, ಊಟಕ್ಕೆ ಏನಾದರೂ ತಪಾವ್ ಮಾಡಿಸಿ, ಪೊಟ್ಟಣ ಕಟ್ಟಿಸಿಕೊಂಡು ಬರುತ್ತೇನೆ, ನೀನು ಅಡುಗೆಗೆ ಏಳಬೇಡ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಕೆಳಗಿನ ಹೋಟೆಲಿಗೆ ಇಳಿದುಹೋದಳು.